ಹಳದಿ ಅಕ್ಷರದ ಲಾಗಿನ್

ಈ ಸಭೆಯ ಅಧ್ಯಕ್ಷರೂ ನಮ್ಮ ಕೆಂಗುಡ್ಡ ಅದಿರು ಸಾಗಣೆ ಸಂಸ್ಥೆಯ ಜನರಲ್ ಮ್ಯಾನೇಜರರೂ ಆದ ಶ್ರೀ ಮನೋಹರ್ ಅವರೇ, ಕಂಪ್ಲಿಯಿಂದ ಮುಖ್ಯ ಅತಿಥಿಗಳಾಗಿ ಬಂದಿರುವ, ಅಕ್ಕಿ ಗಿರಣಿಯ ಗದ್ದಲದ ನಡುವೆಯೂ ನಮ್ಮ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ನಿಭಾಯಿಸುತ್ತಿರುವ ಶ್ರೀ ಮರುಳಸಿದ್ದಪ್ಪನವರೇ, ಮರಿಯಮ್ಮನಹಳ್ಳಿ ಯಾರ್ಡಿನ, ಕುರೆಕುಪ್ಪ ಯಾರ್ಡಿನ, ಸಂಡೂರು ಗುಡ್ಡದ ಗೇಟಿನ ನನ್ನ ಬಂಧುಗಳೇ, ಚಾಲಕ ಮಿತ್ರರೇ, ಮತ್ತು ಊಟದ ಹಾಲಿನಿಂದ ಬರುತ್ತಿರುವ ಬದನೆಕಾಯಿ ಪಲ್ಯದ ವಾಸನೆಗೆ ಮನಸ್ಸು ಕೊಟ್ಟು ಕುಳಿತಿರುವ ಸಭಿಕರೇ,

ಮೊದಲಿಗೆ ಒಂದು ಕ್ಷಮೆ. ಯಾರ ಹೆಸರು ಹೇಳುವಾಗ ಯಾರ ಕಡೆ ಮುಖ ತಿರುಗಿಸಿದೆನೋ ನನಗೆ ಗೊತ್ತಿಲ್ಲ. ಮನೋಹರ್ ಸಾಹೇಬರು ಈಗಷ್ಟೇ ಕೆಮ್ಮಿದ್ದರಿಂದ ಅವರು ಎಡಕ್ಕಿದ್ದಾರೆ ಎಂದು ತಿಳಿಯಿತು. ಮರುಳಸಿದ್ದಪ್ಪನವರು ಕೆಮ್ಮಲಿಲ್ಲ. ಆದ್ದರಿಂದ ಅವರನ್ನು ನಾನು ಹೂವಿನ ಕುಂಡವಿರುವ ಕಡೆ ಉದ್ದೇಶಿಸಿ ಮಾತನಾಡಿದ್ದರೆ ಅವರು ಬೇಸರ ಮಾಡಿಕೊಳ್ಳಬಾರದು.

ಶಾಲು ಹೊದಿಸಿದಿರಿ, ಪೇಟ ಇಟ್ಟಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಕೈಗೆ ಕೊಟ್ಟ ನೆನಪಿನ ಕಾಣಿಕೆಯನ್ನು ತಡವಿ ನೋಡಿದೆ. ಗಾಲಿ ಇವೆ. ಅಂದರೆ ಹಂಪಿಯ ಕಲ್ಲಿನ ರಥ. ಹೊಸಪೇಟೆಯಲ್ಲಿ ನಿವೃತ್ತರಾದವರಿಗೆ ಬೇರೆ ಏನನ್ನಾದರೂ ಕೊಟ್ಟ ಉದಾಹರಣೆ ಇದೆಯೇ? ನಮ್ಮ ಮನೆಯ ಶೋಕೇಸಿನಲ್ಲಿ ಇಂಥವು ಆಗಲೇ ಇವೆ. ಪಕೀರಮ್ಮ, ಅಂದರೆ ನನ್ನ ಹೆಂಡತಿ, ಮುಂದಿನ ಸಾಲಿನಲ್ಲಿ ಕುಳಿತು ಇದನ್ನು ಎಲ್ಲಿಡುವುದು ಎಂದು ಈಗಲೇ ಯೋಚಿಸುತ್ತಿರಬೇಕು. ಆದರೂ ಸಂತೋಷ. ಕೈಯಿಂದ ನೋಡಿ ಗುರುತಿಸುವಂಥ ಕಾಣಿಕೆಯನ್ನೇ ಕೊಟ್ಟಿದ್ದೀರಿ.

ನಾನು ಎರಡು ಮಾತನಾಡಿ ಕುಳಿತುಕೊಳ್ಳಬೇಕು ಎಂದುಕೊಂಡಿದ್ದೆ. ಆದರೆ ಮರುಳಸಿದ್ದಪ್ಪನವರು ತಮ್ಮ ಭಾಷಣದಲ್ಲಿ ಒಂದು ಮಾತು ಹೇಳಿದರು. "ಉಚ್ಚೆಂಗೆಪ್ಪನವರು ಹೊಸ ತಂತ್ರಜ್ಞಾನಕ್ಕೆ ಸದಾ ಹೊಂದಿಕೊಂಡು ಹೋದವರು" ಎಂದರು. ಆಗ ಹಿಂದಿನ ಸಾಲಿನಿಂದ ಒಂದು ನಗು ಕೇಳಿಸಿತು. ಕಣ್ಣು ಹೋದರೂ ಕಿವಿ ಗಟ್ಟಿಯಾಗಿದೆ. ಅದು ಲಾರಿ ಚಾಲಕ ತಿಪ್ಪೇಶನ ನಗು. ಲೇ ತಿಪ್ಪೇಶ, ನೀನು ನಕ್ಕಿದ್ದು ಸರಿಯಾಗಿಯೇ ಇದೆ. ನಾನು ಹೊಂದಿಕೊಂಡು ಹೋದವನಲ್ಲ. ಹೊಸದು ಬಂದಾಗಲೆಲ್ಲ ಬಾಗಿಲಿಗೆ ಅಡ್ಡ ನಿಂತು ಜಗಳ ಮಾಡಿದವನು. ಸನ್ಮಾನದ ಸಭೆಯಲ್ಲಿ ಸುಳ್ಳು ಹೊಗಳಿಕೆಯನ್ನು ಶಾಲಿನ ಜೊತೆ ಮಡಚಿ ಮನೆಗೆ ಒಯ್ಯುವುದು ವಾಡಿಕೆ. ನನಗೆ ಈ ಹೊತ್ತು ಯಾಕೋ ಅದು ಬೇಡ ಅನ್ನಿಸುತ್ತಿದೆ.

ನನ್ನ ಕೆಲಸ ಏನಾಗಿತ್ತು ಎಂದು ಇಲ್ಲಿ ಅನೇಕರಿಗೆ ಗೊತ್ತಿಲ್ಲ. "ಕಂಪ್ಯೂಟರ್ ಸಾರ್" ಎಂದು ಕರೆದಿರಿ, ಅಷ್ಟೇ. ಗುಡ್ಡದ ಗೇಟಿನಲ್ಲಿ ಲಾರಿ ತೂಕದ ಕಟ್ಟೆ ಹತ್ತುತ್ತದೆ. ಆ ತೂಕ ಹೊಸಪೇಟೆಯ ಆಫೀಸಿಗೆ ಹೋಗಿ ಅಲ್ಲಿಂದ ಒಪ್ಪಿಗೆ ಬಂದರೆ ಮಾತ್ರ ಗೇಟಿನಲ್ಲಿ ಪಾಸು ಮುದ್ರಣವಾಗುತ್ತದೆ, ಲಾರಿ ಇಳಿಯುತ್ತದೆ. ಹೋಗುವುದಕ್ಕೂ ಬರುವುದಕ್ಕೂ ನಡುವೆ, ಹೊಸಪೇಟೆ ಆಫೀಸಿನಲ್ಲಿ ಒಂದು ಪೆಟ್ಟಿಗೆ ಇದೆ. ಫೈರ್‌ವಾಲ್ ಎನ್ನುತ್ತಾರೆ. ಅದು ನಮ್ಮ ಕಾವಲುಗಾರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ನಿರ್ಧರಿಸುವುದು ಅದು. ದಿನಕ್ಕೊಮ್ಮೆಯಾದರೂ ಅದು ಅತಿ ಜಾಗ್ರತೆ ಮಾಡಿ ನಮ್ಮ ಗೇಟನ್ನೇ ಕಳ್ಳ ಎಂದುಕೊಳ್ಳುತ್ತಿತ್ತು. ಆಗ ನಾನು ಗುಡ್ಡದ ಗೇಟಿನ ಕೋಣೆಯಲ್ಲಿ ಕುಳಿತು, ಅಲ್ಲಿಂದಲೇ ಹೊಸಪೇಟೆಯ ಪೆಟ್ಟಿಗೆಗೆ ಲಾಗಿನ್ ಆಗಿ, "ಇವನು ನಮ್ಮವನಪ್ಪ, ಬಿಡು" ಎಂದು ಹೇಳಬೇಕು. ಅದೇ ನನ್ನ ನೌಕರಿ.

ಆ ಪೆಟ್ಟಿಗೆಯನ್ನು ಮೊದಲ ದಿನ ಅಲಮಾರಿನಲ್ಲಿ ಕೂರಿಸಿದವನು ನಾನು. ಅದಕ್ಕೆ ಲಾಗಿನ್ ಆದ ಕೂಡಲೇ ಪರದೆಯ ಮೇಲೆ ಒಂದು ಸ್ವಾಗತದ ಸಾಲು ಬರುವಂತೆ ಮಾಡಬಹುದು. ಎಲ್ಲರೂ ಇಂಗ್ಲಿಷಿನಲ್ಲಿ "ಅನುಮತಿ ಇಲ್ಲದವರಿಗೆ ಶಿಕ್ಷೆ" ಎಂದು ಹೆದರಿಸುತ್ತಾರೆ. ನಾನು "ಚಪ್ಪಲಿ ಹೊರಗ ಬಿಟ್ಟು ಬರ್ರಿ" ಎಂದು ಬರೆದಿದ್ದೆ. ಆಡಿಟ್‌ಗೆ ಬಂದ ಒಬ್ಬ ಮಹನೀಯರು ಇದು ಯಾವ ಭದ್ರತಾ ನಿಯಮ ಎಂದು ಕೇಳಿ ಟಿಪ್ಪಣಿ ಮಾಡಿಕೊಂಡು ಹೋದರು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಎರಡು ಯಂತ್ರಗಳು ದೂರದಿಂದ ಮಾತನಾಡುವ ಮೊದಲು ಒಂದು ಬೀಗವನ್ನು ಒಪ್ಪಿಕೊಳ್ಳಬೇಕು. ನಡುದಾರಿಯಲ್ಲಿ ಯಾರೂ ಕದ್ದು ಕೇಳಬಾರದೆಂದು ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಟ್ಟಿ ಕಳಿಸುತ್ತವೆ. ನನ್ನ ಕೋಣೆಯ ಕಂಪ್ಯೂಟರಿಗೆ ಗೊತ್ತಿದ್ದ ಬೀಗ ಹಳೆಯದು. ಒಂದು ಕಾಲದಲ್ಲಿ ಭಾಳ ಗಟ್ಟಿ ಎನ್ನಿಸಿಕೊಂಡದ್ದು. ಈಗ ಅದನ್ನು ಮುರಿಯುವುದು ಕಷ್ಟವಲ್ಲ. ಫೈರ್‌ವಾಲಿಗೆ ಹೊಸ ಸಾಫ್ಟ್‌ವೇರ್ ಬಂತು. ಹೊಸದು ಹಳೆಯ ಬೀಗವನ್ನು ಒಪ್ಪುವುದಿಲ್ಲ. "ನಮ್ಮಿಬ್ಬರಿಗೂ ಗೊತ್ತಿರುವ ಬೀಗ ಒಂದೂ ಇಲ್ಲ" ಎಂದು ಒಂದು ಸಾಲು ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಬೈಯುವುದಿಲ್ಲ, ಕಾರಣ ಕೇಳುವುದಿಲ್ಲ.

ಆ ಹೊಸ ಸಾಫ್ಟ್‌ವೇರ್ ಹಾಕಿದವಳು ಸ್ಫೂರ್ತಿ. ಕಂಪ್ಲಿಯ ಹುಡುಗಿ, ನನ್ನ ಕೈಕೆಳಗೆ ಎಂಜಿನಿಯರ್ ಆಗಿ ಬಂದವಳು, ಈಗ ನನ್ನ ಜಾಗದಲ್ಲಿ ಕೂರುವವಳು. ನನಗೊಂದು ಹೊಸ ಲ್ಯಾಪ್‌ಟಾಪನ್ನೂ ತಂದುಕೊಟ್ಟಳು. "ಸಾರ್, ಇದರಾಗ ಹೊಸ ಪ್ರೋಗ್ರಾಂ ಹಾಕೀನ್ರಿ. ಆ ಹಳೇದು ಬಿಟ್ಟುಬಿಡ್ರಿ, ಅದು ಭಾಳ ಡೇಂಜರ್ ಐತಿ" ಎಂದಳು. ನಾನು ಆ ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೂ ತೆಗೆಯದೆ ಬೀರುವಿನಲ್ಲಿಟ್ಟು, "ನೀ ಹುಟ್ಟೋಕಿಂತ ಮೊದ್ಲಿಂದ ಈ ಕೆಲಸ ಮಾಡೀನವಾ, ನನಗ ಹೇಳಬ್ಯಾಡ" ಎಂದೆ. ದಿನವೂ ಇದೇ. ಹೊಸಪೇಟೆಯಲ್ಲಿದ್ದ ಅವಳಿಗೆ ಫೋನ್ ಮಾಡಿ ಕೂಗಾಡಿದೆ. ಹೊಸ ಪ್ರೋಗ್ರಾಂ ಕೆಲಸಕ್ಕೆ ಬಾರದ್ದು ಎಂದೆ. ನಿಮ್ಮ ಕಾಲದವರಿಗೆ ತಾಳ್ಮೆ ಇಲ್ಲ ಎಂದೆ.

ಯಾಕೆ ಕೂಗಾಡಿದೆ? ಹಳೆಯ ಕಂಪ್ಯೂಟರಿನ ಪರದೆ ಕಪ್ಪು. ಅಕ್ಷರ ಹಳದಿ. ಒಂದೊಂದು ಅಕ್ಷರವೂ ನನ್ನ ಹೆಬ್ಬೆರಳಿನಷ್ಟು. ಯಾವ ಸಾಲು ಪರದೆಯ ಯಾವ ಮೂಲೆಯಲ್ಲಿ ಬರುತ್ತದೆ ಎಂದು ನನಗೆ ಬಾಯಿಪಾಠ. ಅರ್ಧ ಕಂಡರೆ ಉಳಿದರ್ಧ ಅಂದಾಜು ಮಾಡುತ್ತಿದ್ದೆ. ಕಣ್ಣಿನ ಒತ್ತಡದ ಕಾಯಿಲೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಸುತ್ತಲಿಂದ ಕತ್ತಲೆ ಬಂದು, ನಡುವೆ ಬಾವಿಯ ಬಾಯಿಯಷ್ಟು ಬೆಳಕು ಉಳಿದಿತ್ತು. ಆ ಬೆಳಕಿನಲ್ಲಿ ಆ ಹಳದಿ ಅಕ್ಷರ ಮಾತ್ರ ನಿಲ್ಲುತ್ತಿತ್ತು. ಇದು ಪಕೀರಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಾದರೆ ನೌಕರಿ ಹೋಗುತ್ತದೆ ಎಂದುಕೊಂಡಿದ್ದೆ.

ಸುಮ್ಮನೆ ಅಂದುಕೊಂಡದ್ದಲ್ಲ. ಡಂಪರ್ ಓಡಿಸುತ್ತಿದ್ದ ನಮ್ಮ ಪಾಲಪ್ಪ ನಿಮಗೆ ನೆನಪಿರಬೇಕು. ಗುಡ್ಡದ ತಿರುವಿನಲ್ಲಿ ಡಂಪರನ್ನು ತೊಟ್ಟಿಲು ತೂಗಿದ ಹಾಗೆ ಇಳಿಸುತ್ತಿದ್ದ ಮನುಷ್ಯ. ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ ಮರುದಿನ ಅವನನ್ನು ಆಫೀಸಿನ ಮುಂದಿನ ಗಿಡಗಳಿಗೆ ನೀರು ಹಾಕಲು ನಿಲ್ಲಿಸಿದರು. ಸಂಬಳ ಕಡಿಮೆ ಮಾಡಲಿಲ್ಲ, ಅದು ಸತ್ಯ. ಆದರೆ ಡಂಪರುಗಳು ಮುಂದೆ ಹಾದುಹೋಗುವಾಗ ಅವನು ಪೈಪು ಹಿಡಿದುಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅದನ್ನು ನಾನು ನನ್ನ ಕಿಟಕಿಯಿಂದ, ಇನ್ನೂ ಕಾಣುತ್ತಿದ್ದ ದಿನಗಳಲ್ಲಿ ನೋಡಿದ್ದೇನೆ. ನಾನು ಹಾಗೆ ನಿಲ್ಲಲಾರೆ ಎಂದುಕೊಂಡೆ. ಕಣ್ಣಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ಹಠಮಾರಿ ಎನ್ನಿಸಿಕೊಳ್ಳುವುದು ಸುಲಭ, ಅಲ್ಲವೇ?

ಕೊನೆಗೆ ಸ್ಫೂರ್ತಿ ಸೋತಳು. ಹೊಸ ಸಾಫ್ಟ್‌ವೇರಿನೊಳಗೇ ಹಳೆಯ ಬೀಗಕ್ಕೆ ತಾತ್ಕಾಲಿಕವಾಗಿ ಒಪ್ಪಿಗೆ ಕೊಟ್ಟಳು. ಆದರೆ ಅದನ್ನು ಸೇವ್ ಮಾಡಲಿಲ್ಲ. ಸೇವ್ ಮಾಡದ ಮಾತು ಆ ಪೆಟ್ಟಿಗೆಗೆ ಕರೆಂಟು ಇರುವ ತನಕ ಮಾತ್ರ ನೆನಪಿರುತ್ತದೆ. "ಸಾರ್, ಸೇವ್ ಮಾಡಿದ್ರ ರೂಲ್ಸ್ ತಪ್ಪತೈತ್ರಿ. ದಸರಾ ಮುಗಿಯೂತನಾ ಹಿಂಗ ನಡಸ್ರಿ. ಪೆಟ್ಟಿಗಿ ಮಾತ್ರ ಯಾರೂ ಆಫ್ ಮಾಡಬಾರ್ದು ನೋಡ್ರಿ" ಎಂದು ಹೇಳಿ, ಹಬ್ಬಕ್ಕೆ ಕಂಪ್ಲಿಗೆ ಹೋದಳು.

ಯಾರೂ ಆಫ್ ಮಾಡಬಾರದು! ಸಭಿಕರೇ, ನಮ್ಮ ಸಂಸ್ಥೆಯಲ್ಲಿ ಆಯುಧಪೂಜೆ ಹೇಗೆ ನಡೆಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಪೂಜೆ ಮಾಡಿಸಿಕೊಂಡ ಯಂತ್ರ ಮರುದಿನ ಬನ್ನಿ ಕೊಟ್ಟು ಮುಗಿಯುವ ತನಕ ಓಡುವ ಹಾಗಿಲ್ಲ. ಲಾರಿ, ಡಂಪರ್, ತೂಕದ ಕಟ್ಟೆ ಎಲ್ಲ ನಿಲ್ಲಬೇಕು. ಇದರಲ್ಲಿ ಫೈರ್‌ವಾಲ್ ಯಾವಾಗ ಸೇರಿತು? ನಾನು ಸೇರಿಸಿದೆ. ಬಂದ ಹೊಸದರಲ್ಲಿ ಅದನ್ನು ಯಾರೂ ಯಂತ್ರವೆಂದೇ ತಿಳಿದಿರಲಿಲ್ಲ. ಲಾರಿಗಳಿಗೆಲ್ಲ ಕುಂಬಳಕಾಯಿ ಒಡೆದು, ನನ್ನ ಪೆಟ್ಟಿಗೆಯನ್ನು ಬಿಟ್ಟು ಹೋಗುತ್ತಿದ್ದರು. ನನಗೆ ಸಿಟ್ಟು ಬಂತು. "ಯಾಕ್ರೀ, ಇದೇನು ಆಯುಧ ಅಲ್ಲೇನ್ರೀ? ಇದು ನಿಂತ್ರ ನಿಮ್ಮ ಒಂದು ಲಾರಿ ಅಳ್ಳಾಡತೈತೇನು?" ಎಂದು ಜಗಳ ತೆಗೆದು, ಅದಕ್ಕೂ ವಿಭೂತಿ, ಕುಂಕುಮ, ನಿಂಬೆಹಣ್ಣು ಕೊಡಿಸಿದೆ. ಪೂಜೆಯಾದ ಮೇಲೆ ಅದನ್ನು ಆಫ್ ಮಾಡುವ ಗೌರವ ಪ್ರತಿ ವರ್ಷ ನನ್ನದೇ ಆಯಿತು.

ಹೋದ ದಸರೆಯಲ್ಲೂ ಹೊಸಪೇಟೆ ಆಫೀಸಿನಲ್ಲಿ ಮಂಗಳಾರತಿ ಮುಗಿಯಿತು. ಎಲ್ಲರೂ ನಿಂತಿದ್ದರು. ಮನೋಹರ್ ಸಾಹೇಬರು, "ಉಚ್ಚೆಂಗೆಪ್ಪ, ಎಂದಿನಂಗ ನಿಮ್ಮ ಕೈಯಿಂದನ ಆಗ್ಲಿ" ಎಂದರು. ನಾನು ಸ್ಫೂರ್ತಿಯ ಮಾತನ್ನು ಮರೆತಿದ್ದೆನೇ? ಇಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟಾಗಲೂ ನೆನಪಿತ್ತು. ಆದರೆ ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕಿತ್ತು. ಹಳೆಯ ಬೀಗ ಯಾರಿಗಾಗಿ ತೆರೆದಿದೆ, ಅವನಿಗೆ ಹೊಸದು ಯಾಕೆ ಆಗುವುದಿಲ್ಲ, ಎಲ್ಲ ಹೇಳಬೇಕಿತ್ತು. ಅಷ್ಟು ಜನರ ಎದುರಿಗೆ, ಕೈಯಲ್ಲಿ ಆರತಿ ತಟ್ಟೆ ಹಿಡಿದು. ನಾನು ಆರತಿಯನ್ನು ಕಣ್ಣಿಗೆ ಒತ್ತಿಕೊಂಡು, ಆಫ್ ಮಾಡಿದೆ. ಪೆಟ್ಟಿಗೆಯ ಒಳಗಿನ ಫ್ಯಾನು ನಿಧಾನವಾಗಿ ನಿಂತ ಸದ್ದು ಈಗಲೂ ಕೇಳಿಸುತ್ತದೆ.

ಬನ್ನಿ ಮುಗಿದು ಕೆಲಸ ಶುರುವಾದ ಬೆಳಗ್ಗೆ ಗುಡ್ಡದ ಗೇಟಿನ ತೂಕ ಹೊಸಪೇಟೆಗೆ ಹೋಗಲಿಲ್ಲ; ಪೆಟ್ಟಿಗೆ ಎಂದಿನಂತೆ ನಮ್ಮ ಗೇಟನ್ನು ಕಳ್ಳ ಎಂದುಕೊಂಡಿತ್ತು. ನಾನು ಲಾಗಿನ್ ಆಗಲು ನೋಡಿದೆ. ಹಳದಿ ಅಕ್ಷರದಲ್ಲಿ ಒಂದೇ ಸಾಲು ಬಂದು ನಿಂತಿತು. ಅದನ್ನು ಓದಬೇಕಾದ ಅಗತ್ಯವೇ ಇರಲಿಲ್ಲ. ಹೊರಗೆ ಲಾರಿಗಳು ಸಂಡೂರಿನ ರಸ್ತೆಯವರೆಗೆ ನಿಂತು ಹಾರನ್ ಹೊಡೆಯತೊಡಗಿದವು. ಕಂಪ್ಲಿಗೆ ಫೋನ್ ಮಾಡಿದೆ. ಸ್ಫೂರ್ತಿ ಬಸ್ಸಿನಲ್ಲಿದ್ದಳು. "ಬೀರುದಾಗಿನ ಲ್ಯಾಪ್‌ಟಾಪ್ ತೆಗೀರಿ ಸಾರ್. ಆನ್ ಮಾಡ್ರಿ. ಪರದಿ ಮ್ಯಾಲೆ ಏನ್ ಬರದೈತಿ ಓದ್ರಿ, ಮುಂದಿನ್ದು ನಾ ಹೇಳ್ತೀನಿ" ಎಂದಳು. ತೆಗೆದೆ. ಆನ್ ಮಾಡಿದೆ. ಬಿಳಿಯ ಬೆಳಕು ಬಂತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅಂದರೆ, ನನಗೆ ಇರಲಿಲ್ಲ.

"ಓದ್ರಿ ಸಾರ್" ಎಂದಳು. ನಾನು ಲ್ಯಾಪ್‌ಟಾಪನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡೆ. "ಸಾರ್, ಕೇಳಸ್ತೈತೇನ್ರಿ? ಓದ್ರಿ" ಎಂದಳು. ಕಿಟಕಿಯ ಹತ್ತಿರ ಚಾಲಕರು ಗುಂಪುಗೂಡಿದ್ದರು. ತಿಪ್ಪೇಶ ಒಳಗೆ ತಲೆ ಹಾಕಿ, "ಏನಾತ್ರೀ ಸಾರ್?" ಎಂದ. "ಏನಿಲ್ಲೋ, ಕನ್ನಡಕ ಮನ್ಯಾಗ ಬಿಟ್ಟು ಬಂದೀನಿ" ಎಂದೆ. ಅವನು ಬಹಳ ಮೆಲ್ಲಗೆ, "ಹಾಕ್ಕೊಂಡೀರಲ್ರೀ ಸಾರ್" ಎಂದ.

ಫೋನಿನಲ್ಲಿ ಆ ಮಾತು ಸ್ಫೂರ್ತಿಗೂ ಕೇಳಿಸಿತ್ತು. ತಿಪ್ಪೇಶ ಒಳಗೆ ಬಂದು ನನ್ನ ಪಕ್ಕ ಕುಳಿತು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ, ಅವಳು ಹೇಳಿದಳು, ನಾನು ಒತ್ತಿದೆ. ಗೇಟು ತೆರೆಯಿತು. ಲಾರಿಗಳು ಇಳಿದವು. ಎಲ್ಲ ಮುಗಿದ ಮೇಲೆ ಅವಳು, "ಸಾರ್, ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಸಂಸ್ಥೆ ನನಗೆ ಅನ್ಯಾಯ ಮಾಡಲಿಲ್ಲ. ಮನೋಹರ್ ಸಾಹೇಬರು ಗಿಡಕ್ಕೆ ನೀರು ಹಾಕಿಸಲಿಲ್ಲ. ಸ್ಫೂರ್ತಿ ಹೋಗಿ ಅವರ ಮುಂದೆ ಕುಳಿತು, ಸಾರ್ ನಿವೃತ್ತರಾಗುವ ತನಕ ಹಳೆಯ ಬೀಗ ಇರಲಿ ಎಂದು ಕೇಳಿ, ಲಿಖಿತ ಅನುಮತಿ ಪಡೆದು ತೆರೆಸಿದಳು. ಹೊಸ ಲ್ಯಾಪ್‌ಟಾಪಿನಲ್ಲೂ ಅಕ್ಷರ ದೊಡ್ಡದು ಮಾಡಿ, ಹಳದಿ ಬಣ್ಣ ಹಾಕಿ ತೋರಿಸಿದಳು. ತಂದಿಟ್ಟ ಚಹಾ ಆರುವುದರೊಳಗೆ ಆ ಕೆಲಸ ಮುಗಿದಿತ್ತು! ನಾನು ಅಷ್ಟು ಕಾಲ ಯಾವುದಕ್ಕಾಗಿ ಕೂಗಾಡಿದೆನೋ ಅದು ಒಂದು ಕಪ್ ಚಹಾದ ಕೆಲಸ. ಆದರೆ ಆ ಹೊತ್ತಿಗೆ ನನ್ನ ಕಣ್ಣು ಹೊಸ ಪರದೆಯಲ್ಲಿ ಯಾವ ಸಾಲು ಎಲ್ಲಿದೆ ಎಂದು ಹುಡುಕಲಾರದಾಗಿತ್ತು. ಅವಳು ಲ್ಯಾಪ್‌ಟಾಪ್ ತಂದುಕೊಟ್ಟ ದಿನವೇ ನಾನು ಬಾಯಿಬಿಟ್ಟು ಹೇಳಿದ್ದರೆ, ಇನ್ನೂ ಕಾಣುತ್ತಿದ್ದಾಗ ಕಲಿತುಕೊಂಡಿರುತ್ತಿದ್ದೆ. ನಗುವಿನ ಮಾತಿಗೆ ನಗಿರಿ, ಇದಕ್ಕೆ ನಗಬೇಡಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಪಲ್ಯ ಆರುತ್ತಿದೆ ಎಂದು ನನಗೂ ಗೊತ್ತು.

ಕೊನೆಯ ತಿಂಗಳುಗಳಲ್ಲಿ ನನ್ನ ಕಂಪ್ಯೂಟರನ್ನು ಹೊಸಪೇಟೆ ಆಫೀಸಿಗೇ ತರಿಸಿ ಸ್ಫೂರ್ತಿಯ ಪಕ್ಕದಲ್ಲಿಟ್ಟರು. ಪೆಟ್ಟಿಗೆಯ ಒಳಗೆ ನಾನು ಏನೇನು ಬರೆದಿದ್ದೆ, ಯಾಕೆ ಬರೆದಿದ್ದೆ ಎಂದು ಅವಳಿಗೆ ಹೇಳುವುದು ನನ್ನ ಕೆಲಸ. ಹಳದಿ ಅಕ್ಷರಗಳೂ ಅಷ್ಟರಲ್ಲಿ ಮಂಜಾಗಿ, ಕೊನೆಗೆ ಇಲ್ಲವಾದವು. ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಒಂದು ದಿನ ಅವಳು ಓದುವುದನ್ನು ನಿಲ್ಲಿಸಿ, ಏನನ್ನೋ ಪಟಪಟನೆ ಒತ್ತತೊಡಗಿದಳು. ಮರುದಿನವೂ ಹಾಗೆಯೇ. ಊಟಕ್ಕೂ ಏಳುತ್ತಿರಲಿಲ್ಲ. "ಏನವಾ ಅದು?" ಎಂದೆ. "ಏನಿಲ್ರಿ ಸಾರ್" ಎಂದಳು. ಏನಿಲ್ಲ ಎನ್ನುವ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗದರಿಸಿ ಕೇಳಿದೆ. ಎಲ್ಲಿಯವರೋ, ಯಾವ ದೇಶದವರೋ, ಆ ಹಳೆಯ ಬೀಗವನ್ನು ಪತ್ತೆ ಹಚ್ಚಿ, ಅದರ ಮೂಲಕ ಒಳಗೆ ಬರಲು ಪಾಸ್‌ವರ್ಡಿನ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ತಡೆಯುತ್ತ ಕುಳಿತಿದ್ದಳು. ನನಗಾಗಿ ತೆರೆದಿಟ್ಟ ಬಾಗಿಲಲ್ಲಿ, ನನಗೆ ಹೇಳದೆ, ತಾನೇ ಕಾವಲು ನಿಂತಿದ್ದಳು.

"ಮುಚ್ಚು" ಎಂದೆ. "ನಿಮ್ಮ ರಿಟೈರ್‌ಮೆಂಟ್ ಆಗ್ಲಿ ಬಿಡ್ರಿ ಸಾರ್, ಇನ್ನೇನು ಬಂತಲ್ಲ" ಎಂದಳು. "ಮುಚ್ಚು ಅಂದ್ನಲ್ಲ. ನಾ ಹೇಳ್ತೀನಿ, ನೀ ಹೊಡಿ" ಎಂದೆ. ಅವಳು ಲಾಗಿನ್ ಆದಳು. ಸ್ವಾಗತದ ಸಾಲು ಬಂದಿರಬೇಕು. "ಚಪ್ಪಲಿ ಹೊರಗ ಬಿಟ್ಟು ಬರ್ರಿ ಅಂತೈತ್ರಿ" ಎಂದಳು. "ಬಿಟ್ಟೀನಿ, ಮುಂದ ಹೋಗು" ಎಂದೆ. ಹಳೆಯ ಬೀಗವನ್ನು ತೆಗೆದುಹಾಕುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿದೆ. ಕೈ ಮರೆತಿದ್ದರೂ ಬಾಯಿ ಮರೆತಿರಲಿಲ್ಲ. ಅವಳು ಒತ್ತಿದಳು. ಎಂಟರ್ ಒತ್ತುವ ಮೊದಲು ಒಂದು ಉಸಿರು ತಡೆದದ್ದು ನನಗೆ ಕೇಳಿಸಿತು.

"ಸೇವ್ ಮಾಡ್ಲೇನ್ರಿ ಸಾರ್?" ಎಂದಳು.

"ಈ ಸಲ ಮಾಡವಾ" ಎಂದೆ.

ಬಾಗಿಲು ಮುಚ್ಚಿದ ಮೇಲೆ ಅದು ನಿಜವಾಗಿ ಮುಚ್ಚಿದೆಯೇ ಎಂದು ನೋಡುವುದು ನಮ್ಮ ಕಸುಬಿನ ಪದ್ಧತಿ. ಹಾಗೆ ನೋಡದೆ ಎದ್ದು ಹೋಗುವವನು ಕೆಲಸಗಾರನಲ್ಲ. ಆದ್ದರಿಂದ ನಾನು ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತೆ. ನನ್ನ ಕೀಲಿಮಣೆ, ನನ್ನ ಬೆರಳು. ಲಾಗಿನ್ ಕೊಟ್ಟು, ನನ್ನ ಹೆಸರು ಒತ್ತಿ, ಕಾದೆ. "ಏನಂತೈತವಾ?" ಎಂದೆ.

ಅಷ್ಟು ತಿಂಗಳು ಆ ಪರದೆಯ ಒಂದೊಂದು ಸಾಲನ್ನೂ ನನಗೆ ಓದಿ ಹೇಳಿದ ಹುಡುಗಿ, ಇಬ್ಬರಿಗೂ ಗೊತ್ತಿರುವ ಬೀಗ ಇಲ್ಲ ಎನ್ನುವ ಆ ಒಂದು ಸಾಲನ್ನು ಓದಲಿಲ್ಲ. ನಾನು ಇನ್ನೊಮ್ಮೆ ಕೇಳಲಿಲ್ಲ. "ಕೆಲಸ ಸರಿ ಆಗೇತಿ" ಎಂದು ಹೇಳಿ, ಕಂಪ್ಯೂಟರ್ ಆಫ್ ಮಾಡಿ, ಅದರ ಮೇಲೆ ಬಟ್ಟೆ ಹೊದಿಸಿ ಎದ್ದೆ.

ಮರುಳಸಿದ್ದಪ್ಪನವರೇ, ಹೊಸದಕ್ಕೆ ನಾನು ಹೊಂದಿಕೊಂಡದ್ದು ಆ ಒಂದು ದಿನ. ನೀವು ಹೊದಿಸಿದ ಶಾಲನ್ನು ಆ ಒಂದು ದಿನದ ಲೆಕ್ಕಕ್ಕೆ ಸ್ವೀಕರಿಸಿದ್ದೇನೆ. ಮುಂದಿನ ದಸರೆಗೆ ಪೆಟ್ಟಿಗೆಗೆ ನಿಂಬೆಹಣ್ಣು ಇಡುವುದನ್ನು ಮರೆಯಬೇಡಿ. ಆಫ್ ಮಾಡುವ ಮೊದಲು ಸ್ಫೂರ್ತಿಯನ್ನು ಕೇಳಿರಿ. ನನ್ನ ಕೂಗಾಟವನ್ನು ಸಹಿಸಿದವರಿಗೆ, ಪಕ್ಕದಲ್ಲಿ ಕುಳಿತು ಅಕ್ಷರ ಓದಿದ ತಿಪ್ಪೇಶನಿಗೆ, ಗುಟ್ಟನ್ನು ಹೊತ್ತು ಸುಸ್ತಾದ ಪಕೀರಮ್ಮನಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೆ ನಾನು ಋಣಿ. ಸ್ಫೂರ್ತಿ, ಕೈ ಕೊಡವಾ, ಮೆಟ್ಟಿಲು ಎಲ್ಲಿದೆ ತೋರಿಸು. ಎಲ್ಲರಿಗೂ, ನೀವು ಯಾವ ಕಡೆ ಕುಳಿತಿದ್ದರೂ ಸರಿ, ನನ್ನ ನಮಸ್ಕಾರ.